ಲೈಟ್ ಉರೀತಿದೆ, ಕರೆಂಟ್ ಎಲ್ಲಿಂದ? ಚಿಕ್ಕ ಹುಡುಗರಲ್ಲಿ ಅಡ್ರಿನಲ್ ಬೇಗ ಎದ್ದಾಗ ಚೆಕ್ ಮಾಡೋ ಬಗೆ

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಹನುಮಂತನಗರದಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡೋನು. ಆದ್ರೆ ಮಗನಿಗೆ ವಯಸ್ಸಿಗೆ ಮುಂಚೆನೇ ದೊಡ್ಡೋರ ಥರ ಕೂದಲು, ಬೆವರು ವಾಸನೆ ಬಂದ ವಿಷಯದಲ್ಲಿ ಎರಡು ತಿಂಗಳು ಓಡಾಡಿ, ತಪ್ಪು ಟೈಮಲ್ಲಿ ರಕ್ತ ಕೊಟ್ಟು, ರಿಪೋರ್ಟ್ ತಪ್ಪಾಗಿ ಓದ್ಕೊಂಡು, ರಾತ್ರಿ ನಿದ್ದೆ ಕೆಡಿಸ್ಕೊಂಡಿದೀನಿ. ಬೇರೆ ಅಪ್ಪ ಅಮ್ಮಂದಿರು ಅದೇ ಗುಂಡಿಗೆ ಬೀಳೋದು ಬೇಡ ಅಂತ ಸರ್ವಿಸ್ ನೋಟ್ ಬರೆಯೋ ಥರ ಬರೀತಿದೀನಿ. ಔಷಧಿ ವಿಷಯ ಇದ್ರಲ್ಲಿ ಇಲ್ಲ, ದೋಷ ಎಲ್ಲಿದೆ, ಇದೆಯಾ ಇಲ್ವಾ ಅಂತ ಹುಡುಕೋದು ಮಾತ್ರ.

ಕಂಪ್ಲೇಂಟ್ ಬಂದಿದ್ದು ಹೀಗೆ. ಮಗನಿಗೆ ಆಗ 7 ವರ್ಷ 9 ತಿಂಗಳು. ಸ್ಕೂಲ್ ಶರ್ಟ್ ನೆನೆಸುವಾಗ ನಮ್ಮಮ್ಮ, ನಿನ್ನ ಬನಿಯನ್ ಮಗು ಬಟ್ಟೆ ಜೊತೆ ಯಾಕೋ ಹಾಕ್ತೀಯ, ಬೆವರು ನಾತ ಅಂತ ಬೈದ್ರು. ನೋಡಿದ್ರೆ ಬನಿಯನ್ ನಂದಲ್ಲ, ಅವನದೇ. ಆವಾಗ ಯಾರೂ ತಲೆಗೆ ಹಾಕ್ಕೊಳ್ಳಲಿಲ್ಲ, ಆಟ ಆಡ್ತಾನೆ ಬೆವರ್ತಾನೆ ಅಷ್ಟೇ ಅಂದ್ಕೊಂಡ್ವಿ. ಆಮೇಲೆ ನರಕ ಚತುರ್ದಶಿ ದಿನ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿಸ್ತಾ ಇದ್ದ ಅಮ್ಮ ಬಚ್ಚಲಿಂದಾನೇ ನನ್ನ ಕರೆದು, ದನಿ ತಗ್ಗಿಸಿ, ಕೆಳಗಡೆ ನಾಲ್ಕೈದು ಕೂದಲು ಬಂದಿದೆ ಕಣೋ, ಇಷ್ಟು ಬೇಗನಾ ಅಂದ್ರು. ಹಣೆ ಮೇಲೂ ಸಣ್ಣ ಸಣ್ಣ ಮೊಡವೆ ಇತ್ತು, ಅದು ಎಣ್ಣೆ ಹಚ್ಚೋದ್ರಿಂದ ಅಂತ ನಾವೇ ತೀರ್ಮಾನ ಮಾಡ್ಕೊಂಡಿದ್ವಿ.

ಹಬ್ಬದ ಊಟಕ್ಕೆ ಬಂದಿದ್ದ ಭಾವಮೈದ ಎಲೆ ಮುಂದೆ ಕೂತೇ ಡಯಾಗ್ನೋಸಿಸ್ ಕೊಟ್ಟ, ಬ್ರಾಯ್ಲರ್ ಕೋಳಿ ಭಾವ, ಇಂಜೆಕ್ಷನ್ ಹಾಕಿರ್ತಾರೆ ಅಂತ. ನಮ್ಮನೇಲಿ ಮೊಟ್ಟೆನೂ ಬರಲ್ಲ. ಹಾಗಾದ್ರೆ ಪ್ಯಾಕೆಟ್ ಹಾಲು ಅಂದ. ಸಾರು ಬಡಿಸ್ಕೊಂಡು ಸುಮ್ನಾದೆ.

ಈಗ ವೈರಿಂಗ್ ಅರ್ಥ ಮಾಡ್ಕೊಳಿ, ಇದು ಗೊತ್ತಾಗದೆ ಮುಂದಿನ ಯಾವ ಟೆಸ್ಟೂ ತಲೆಗೆ ಹೋಗಲ್ಲ. ಗಂಡು ಹುಡುಗ ದೊಡ್ಡವನಾಗೋದು ಅಂದ್ರೆ ನಾವೆಲ್ಲ ಒಂದೇ ಸ್ವಿಚ್ ಅಂದ್ಕೊಂಡಿರ್ತೀವಿ, ಆದ್ರೆ ಅಲ್ಲಿರೋದು ಎರಡು ಬೇರೆ ಬೇರೆ ಲೈನು. ಒಂದು ಮೇನ್ ಲೈನು: ಮೆದುಳಲ್ಲಿ ಹೈಪೋಥಲಾಮಸ್ ಸಿಗ್ನಲ್ ಕೊಡತ್ತೆ, ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಬಿಡತ್ತೆ, ಅದು ವೃಷಣಕ್ಕೆ ಹೋಗಿ ಅಲ್ಲಿ ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನ್ ತಯಾರಾಗತ್ತೆ. ಗಂಟಲು ಒಡೆಯೋದು, ಮೀಸೆ, ಪಟ್ಟಂತ ಉದ್ದ ಆಗೋದು, ಎಲ್ಲ ಮುಖ್ಯವಾಗಿ ಈ ಲೈನಿಂದು. ಇದಕ್ಕೆ ಗೊನಡಾರ್ಕಿ ಅಂತಾರೆ. ಇನ್ನೊಂದು ಲೈನು ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಯಿಂದ ಬರತ್ತೆ, ಅದು ಏಳೋದಕ್ಕೆ ಅಡ್ರಿನಾರ್ಕಿ ಅಂತ ಹೆಸರು. ಎರಡಕ್ಕೂ ಟೈಮರ್ ಬೇರೆ. ಒಂದು ಎದ್ದಿದೆ ಅಂದ ಮಾತ್ರಕ್ಕೆ ಇನ್ನೊಂದು ಎದ್ದಿದೆ ಅಂತ ಅರ್ಥ ಅಲ್ಲ.

ನಮ್ಮ ಕೆಲಸದಲ್ಲಿ ಹೊಸ ಹುಡುಗರಿಗೆ ಮೊದಲ ದಿನ ಹೇಳೋದೇ ಇದು: ಮನೇಲಿ ಲೈಟ್ ಉರೀತಿದೆ ಅಂದ್ರೆ ಬೆಸ್ಕಾಂ ಕರೆಂಟ್ ಇದೆ ಅಂತಲ್ಲ, ಬ್ಯಾಟರಿಯಿಂದಾನೂ ಉರೀತಿರಬಹುದು, ಬಲ್ಬ್ ನೋಡಿದ್ರೆ ಗೊತ್ತಾಗಲ್ಲ, ಮೀಟರ್ ಇಟ್ಟು ನೋಡು. ಕೂದಲು, ವಾಸನೆ, ಮೊಡವೆ ಎಲ್ಲ ಬಲ್ಬು. ಕರೆಂಟ್ ವೃಷಣದಿಂದ ಬರ್ತಿದೆಯಾ ಅಡ್ರಿನಲ್‌ನಿಂದ ಬರ್ತಿದೆಯಾ, ಇಲ್ಲ ಹೊರಗಡೆಯಿಂದ ಯಾರಾದ್ರೂ ವೈರ್ ಎಳೆದಿದಾರಾ, ಅಷ್ಟು ತಿಳಿದ್ರೆ ಮುಕ್ಕಾಲು ಕೆಲಸ ಮುಗೀತು.

ಅಡ್ರಿನಲ್ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಒಳಗಿನ ತಿರುಳು ಅಡ್ರಿನಲಿನ್ ಮಾಡತ್ತೆ, ನಾಯಿ ಅಟ್ಟಿಸ್ಕೊಂಡು ಬಂದಾಗ ಎದೆ ಢವಢವ ಅನ್ನೋದು ಅದ್ರದ್ದು, ಅದಕ್ಕೂ ನಮ್ಮ ಕತೆಗೂ ಸಂಬಂಧ ಇಲ್ಲ. ಹೊರಗಿನ ಸಿಪ್ಪೆಯಲ್ಲಿ ಮೂರು ಪದರ. ಮೊದಲನೇದು ಅಲ್ಡೋಸ್ಟಿರಾನ್ ಮಾಡತ್ತೆ, ಮೈಯಲ್ಲಿ ಉಪ್ಪಿನ ಲೆಕ್ಕ ಇಡೋದು. ಎರಡನೇದು ಕಾರ್ಟಿಸಾಲ್, ಮೈ ಒತ್ತಡ ತಡ್ಕೊಳೋಕೆ ಬೇಕಾದ ಹಾರ್ಮೋನ್. ಮೂರನೇದು, ರೆಟಿಕ್ಯುಲಾರಿಸ್ ಅಂತ, ಅದೇ ನಮ್ಮ ಹೀರೋ. ಅದು ಡಿಎಚ್‌ಇಎ, ಡಿಎಚ್‌ಇಎ-ಎಸ್ ಅನ್ನೋ ಹಾರ್ಮೋನ್ ಮಾಡತ್ತೆ. ಸ್ವತಃ ಇವು ಬಲಹೀನ, ಆದ್ರೆ ಚರ್ಮದಲ್ಲಿ, ಕೂದಲ ಬುಡದಲ್ಲಿ ಹೋಗಿ ಸ್ವಲ್ಪ ಸ್ವಲ್ಪ ಟೆಸ್ಟೋಸ್ಟಿರಾನ್ ಆಗಿ ಬದಲಾಗ್ತವೆ. ಕಂಕುಳಿನ ದಪ್ಪ ಬೆವರಿನ ಗ್ರಂಥಿ ಇವಕ್ಕೇ ಎಚ್ಚರ ಆಗೋದು, ಆ ಬೆವರನ್ನ ಚರ್ಮದ ಮೇಲಿನ ಬ್ಯಾಕ್ಟೀರಿಯಾ ತಿಂದಾಗ ಬರೋದೇ ದೊಡ್ಡೋರ ಬನಿಯನ್ ವಾಸನೆ. ಓಡಾಡಿ ಬಂದ ಚಿಕ್ಕ ಮಗುವಿನ ಬೆವರಿಗೂ ಇದಕ್ಕೂ ವ್ಯತ್ಯಾಸ ಇದೆ, ಅಮ್ಮನ ಮೂಗು ಹೇಳಿದ್ದು ಸರಿನೇ ಇತ್ತು.

ಇನ್ನೊಂದು ನನಗೆ ತುಂಬ ಆಶ್ಚರ್ಯ ಆಗಿದ್ದು. ಈ ಅಡ್ರಿನಲ್ ಹೊಟ್ಟೇಲಿರೋ ಮಗುವಿನಲ್ಲಿ ಮೈಗೆ ಹೋಲಿಸಿದ್ರೆ ಸಿಕ್ಕಾಪಟ್ಟೆ ದೊಡ್ಡದಾಗಿರತ್ತಂತೆ, ಡಿಎಚ್‌ಇಎ-ಎಸ್ ಕೂಡ ಜೋರಾಗಿ ಮಾಡ್ತಿರತ್ತೆ, ಹುಟ್ಟಿದ ಮೇಲೆ ಆ ಭಾಗ ಕರಗಿ ಹೋಗತ್ತೆ. ಆಮೇಲೆ ಐದಾರು ವರ್ಷ ಆ ಲೆಕ್ಕದಲ್ಲಿ ಫುಲ್ ಸೈಲೆಂಟ್. 6ರಿಂದ 8 ವರ್ಷದ ಹೊತ್ತಿಗೆ ರೆಟಿಕ್ಯುಲಾರಿಸ್ ಪದರ ಬೆಳೆದು ಮತ್ತೆ ನಿಧಾನಕ್ಕೆ ಶುರು. ಅಂದ್ರೆ ರಕ್ತದಲ್ಲಿ ಏರೋದು ಎಲ್ಲ ಹುಡುಗರಲ್ಲೂ ಆ ವಯಸ್ಸಿಗೇ, ಹೊರಗೆ ಕಾಣೋದು ಮಾತ್ರ ಲೇಟು. ಕೆಲವರಲ್ಲಿ ಬೇಗ ಕಾಣತ್ತೆ. ಹುಡುಗರಲ್ಲಿ 9 ವರ್ಷದ ಮುಂಚೆ, ಹುಡುಗಿಯರಲ್ಲಿ 8ರ ಮುಂಚೆ ಕಂಡ್ರೆ ಬೇಗ ಅಂತ ಲೆಕ್ಕ. ಹುಡುಗಿಯರಲ್ಲೇ ಇದು ಜಾಸ್ತಿ, ಹಾಗಾಗಿ ಹುಡುಗನಲ್ಲಿ ಕಂಡಾಗ ಡಾಕ್ಟರ್ ಸ್ವಲ್ಪ ಜಾಸ್ತಿ ಪ್ರಶ್ನೆ ಕೇಳಿದ್ರೆ ಗಾಬರಿ ಆಗ್ಬೇಡಿ.

ಹಾಗಾಗಿ ಮೊದಲ ಚೆಕ್ ವಯಸ್ಸು. ಹುಡುಗನಿಗೆ 9 ದಾಟಿದ್ದು ಕೂದಲು ಬಂದ್ರೆ ಅದು ದೋಷ ಅಲ್ಲ, ಟೈಮ್‌ಟೇಬಲ್. 7, 8 ವರ್ಷಕ್ಕೆ ಬರೀ ವಾಸನೆ ಇದ್ರೆ, ಬೇರೆ ಏನೂ ಇಲ್ಲ ಅಂದ್ರೆ, ಬರೆದಿಟ್ಕೊಂಡು ಮುಂದಿನ ಸಲ ಮಕ್ಕಳ ಡಾಕ್ಟರ್ ಹತ್ರ ಹೋದಾಗ ಹೇಳಿ. ಕೂದಲೂ ಬಂದಿದೆ ಅಂದ್ರೆ ಅಪಾಯಿಂಟ್‌ಮೆಂಟ್ ತಗೊಳಿ. 6ರ ಒಳಗೆ ಅಂದ್ರೆ ಬೇಗ ತಗೊಳಿ. ಎರಡು ಮೂರು ನಾಲ್ಕು ವರ್ಷದ ಹುಡುಗ, ಕೂದಲು ಬಂದಿದೆ, ವಯಸ್ಸಿಗೆ ಮೀರಿ ಉದ್ದ ಇದಾನೆ, ಎಲ್ಲರೂ ಎಷ್ಟು ಚೆನ್ನಾಗಿ ಬೆಳೆದಿದಾನೆ ಅಂತ ಹೊಗಳ್ತಿದಾರೆ ಅಂದ್ರೆ ಒಂದು ದಿನಾನೂ ಕಾಯ್ಬೇಡಿ, ಯಾಕೆ ಅಂತ ಕೆಳಗೆ ಬರತ್ತೆ.

ಎರಡನೇ ಚೆಕ್ಕೇ ಅಸಲಿ ಚೆಕ್, ನಾನು ಇದನ್ನ ಬಿಟ್ಟು ಮೊದಲು ಲ್ಯಾಬ್‌ಗೆ ಓಡಿದ್ದೇ ತಪ್ಪು. ವೃಷಣದ ಸೈಜ್. ಮೇನ್ ಲೈನ್ ಆನ್ ಆದ್ರೆ ಹುಡುಗರಲ್ಲಿ ಮೊಟ್ಟಮೊದಲು ಆಗೋ ಬದಲಾವಣೆ ಕೂದಲಲ್ಲ, ವೃಷಣ ದಪ್ಪ ಆಗೋದು. ಅದನ್ನ ಅಳೆಯೋಕೆ ಮಕ್ಕಳ ಹಾರ್ಮೋನ್ ಡಾಕ್ಟರ್ ಹತ್ರ ಒಂದು ಮಣಿ ಸರ ಇರತ್ತೆ, ಆರ್ಕಿಡೋಮೀಟರ್ ಅಂತ, ಜ್ಯೂರಿಕ್‌ನ ಪ್ರೇಡರ್ ಅನ್ನೋ ಡಾಕ್ಟರ್ ಮಾಡಿದ್ದು. 12 ಮಣಿ, 1 ಎಂಎಲ್‌ನಿಂದ ಶುರುವಾಗಿ 25 ಎಂಎಲ್ ತನಕ ಒಂದಕ್ಕಿಂತ ಒಂದು ದೊಡ್ಡದು. 1, 2, 3 ಮಣಿ ತನಕ ಚಿಕ್ಕ ಮಗು ಲೆಕ್ಕ, 4 ಎಂಎಲ್ ಮುಟ್ಟಿದ್ರೆ ಪ್ಯೂಬರ್ಟಿ ಶುರುವಾಯ್ತು ಅಂತ. ನಮ್ಮ ಡಾಕ್ಟರಮ್ಮ ಡ್ರಾಯರಿಂದ ಆ ಸರ ತೆಗೆದಾಗ ಮಗ, ಅಜ್ಜಿ ಜಪದ ಸರ ಥರ ಇದೆ ಅಂದ, ಅವರು ನಕ್ಕು, ಮೊದಲು ಅವನನ್ನೇ ಕೇಳಿದ್ರು, ಅಪ್ಪ ಇಲ್ಲೇ ಇರ್ತಾರೆ, ನಾನು ಚೆಕ್ ಮಾಡ್ಲಾ, ಬೇಡ ಅಂದ್ರೆ ಬೇಡ ಅಂತ. ನನಗೆ ಆ ಕ್ಷಣ ಅವರ ಮೇಲೆ ನಂಬಿಕೆ ಬಂತು. ಅರ್ಧ ನಿಮಿಷದ ಕೆಲಸ, ಎರಡೂ ಕಡೆ 2 ಎಂಎಲ್. ಅಂದ್ರೆ ಮೇನ್ ಲೈನ್ ಆಫ್, ಕರೆಂಟ್ ಬೇರೆ ಕಡೆಯಿಂದ. ಇದಕ್ಕೆ ಮುಂಚೆ ನಾನು ಲ್ಯಾಬ್‌ಗೆ ಸಾವಿರಾರು ರೂಪಾಯಿ ಸುರಿದಿದ್ದೆ. ಇನ್ನೊಂದು ಮಾತು, ಇದನ್ನ ಮನೇಲಿ ನಾವೇ ಅಂದಾಜು ಮಾಡೋಕೆ ಹೋಗಬಾರದು, ನಮಗೆ ಕೈ ಅಭ್ಯಾಸ ಇರಲ್ಲ, ಮಗುಗೂ ಮುಜುಗರ.

9 ವರ್ಷದ ಒಳಗೆ ಎರಡೂ ಕಡೆ 4 ಅಥವಾ ಜಾಸ್ತಿ ಇದ್ರೆ ದಾರಿ ಪೂರ್ತಿ ಬೇರೆ, ಮೇನ್ ಲೈನೇ ಬೇಗ ಆನ್ ಆಗಿದೆ, ಎಲ್‌ಎಚ್ ಟೆಸ್ಟ್, ಜೊತೆಗೆ ಹುಡುಗರಲ್ಲಿ ಮೆದುಳಿನ ಎಂಆರ್‌ಐ ಮಾಡಿಸ್ತಾರೆ, ಯಾಕಂದ್ರೆ ಹುಡುಗಿಯರಿಗೆ ಹೋಲಿಸಿದ್ರೆ ಹುಡುಗರಲ್ಲಿ ಹಿಂದೆ ಏನಾದ್ರೂ ಕಾರಣ ಇರೋ ಸಾಧ್ಯತೆ ಜಾಸ್ತಿ. ಒಂದು ಕಡೆ ಮಾತ್ರ ದೊಡ್ಡದು ಅಥವಾ ಗಟ್ಟಿ ಗಂಟು ಇದ್ದ ಹಾಗಿದ್ರೆ ಅಲ್ಲೇ ಅಲ್ಟ್ರಾಸೌಂಡ್. ಚಿಕ್ಕದಾಗೇ ಇದ್ದು ಕೂದಲು ಬಂದಿದ್ರೆ, ನಮ್ಮ ಕೇಸ್ ಥರ, ಅಡ್ರಿನಲ್ ಅಥವಾ ಹೊರಗಿನ ವೈರ್.

ಹೊರಗಿನ ವೈರ್ ಅಂದ್ರೆ ಏನು ಅಂತ ನಗ್ಬೇಡಿ. ಮನೇಲಿ ಯಾರಾದ್ರೂ ಟೆಸ್ಟೋಸ್ಟಿರಾನ್ ಜೆಲ್ ಹಚ್ಕೊಳ್ತಿದ್ರೆ, ಆ ಭುಜದ ಮೇಲೆ ಮಗು ಮಲಗಿದ್ರೆ, ಸಾಕು, ಮಗು ಮೈಗೆ ಹೋಗತ್ತೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಇದಕ್ಕೆ ದೊಡ್ಡ ಎಚ್ಚರಿಕೆ ಹಾಕ್ಸಿದೆ. ಡಾಕ್ಟರ್ ನನ್ನ ನೇರವಾಗಿ ಕೇಳಿದ್ರು, ನೀವು ಏನಾದ್ರೂ ಜೆಲ್, ಜಿಮ್ ಪೌಡರ್, ಸಪ್ಲಿಮೆಂಟ್ ತಗೊಳ್ತೀರಾ, ಮನೇಲಿ ಯಾರಾದ್ರೂ? ಭಾವಮೈದ ಜಿಮ್‌ಗೆ ಹೋಗ್ತಾನೆ, ಆದ್ರೆ ಅವನಿರೋದು ನೆಲಮಂಗಲದಲ್ಲಿ. ಇಲ್ಲ ಅಂದೆ.

ಮೂರನೇ ಚೆಕ್‌ಗೆ ದುಡ್ಡು ಬೇಡ, ಗೋಡೆ ಸಾಕು. ನಮ್ಮ ಅಡಿಗೆಮನೆ ಬಾಗಿಲ ಹಿಂದೆ ಪ್ರತಿ ಯುಗಾದಿಗೆ ಪೆನ್ಸಿಲ್ ಗೀಟು ಹಾಕ್ತೀವಿ, ಡೇಟ್ ಸಮೇತ. ಈ ವಯಸ್ಸಲ್ಲಿ ವರ್ಷಕ್ಕೆ ಸುಮಾರು 5, 6 ಸೆಂಟಿಮೀಟರ್ ಬೆಳೀಬೇಕು. ನಮ್ಮವನದ್ದು ಕೊನೆ ವರ್ಷ 6 ಚಿಲ್ಲರೆ. ಅದೇ ಗೋಡೆ ಮೇಲೆ ಒಂದೇ ವರ್ಷದಲ್ಲಿ 8, 9 ಸೆಂಟಿಮೀಟರ್ ಜಂಪ್ ಇದ್ರೆ ಹಾರ್ಮೋನ್ ಜೋರಾಗಿ ಕೆಲಸ ಮಾಡ್ತಿದೆ ಅಂತ, ಅದು ಸುಮ್ನೆ ಬಿಡೋ ವಿಷಯ ಅಲ್ಲ. ನಮ್ಮ ಮಕ್ಕಳಿಗೆ ಅಂತಲೇ ಐಎಪಿ, ಅಂದ್ರೆ ಭಾರತದ ಮಕ್ಕಳ ಡಾಕ್ಟರುಗಳ ಸಂಘದ 2015ರ ಗ್ರೋತ್ ಚಾರ್ಟ್ ಇದೆ, 5ರಿಂದ 18 ವರ್ಷದ್ದು, ಡಾಕ್ಟರ್ ಅದ್ರಲ್ಲಿ ಚುಕ್ಕಿ ಹಾಕಿ ಗೆರೆ ದಾಟ್ತಿದಾನಾ ನೋಡ್ತಾರೆ. ಅಪ್ಪ ಅಮ್ಮನ ಎತ್ತರದಿಂದ ಒಂದು ಅಂದಾಜೂ ಹಾಕ್ತಾರೆ: ಹುಡುಗ ಆದ್ರೆ ಇಬ್ಬರದ್ದೂ ಕೂಡಿಸಿ 13 ಸೇರಿಸಿ ಎರಡರಿಂದ ಭಾಗಿಸೋದು. ನಂದು 168, ಹೆಂಡತಿದು 155, ಲೆಕ್ಕ ಹಾಕಿದ್ರೆ ಮತ್ತೆ 168, ಅಪ್ಪನಷ್ಟೇ. ಹಳೇ ಸ್ಕೂಲ್ ಹೆಲ್ತ್ ಕಾರ್ಡ್, ಲಸಿಕೆ ಬುಕ್, ಎಲ್ಲಿ ಎತ್ತರ ತೂಕ ಬರೆದಿದೆಯೋ ಎಲ್ಲ ತಗೊಂಡು ಹೋಗಿ, ಇವತ್ತಿನ ಒಂದು ಅಳತೆಗಿಂತ ಹಳೇ ಮೂರು ಅಳತೆ ಜಾಸ್ತಿ ಮಾತಾಡ್ತವೆ.

ತೂಕ ಕೂಡ ನೋಡಿ. ದಪ್ಪ ಇರೋ ಮಕ್ಕಳಲ್ಲಿ ಅಡ್ರಿನಾರ್ಕಿ ಬೇಗ ಕಾಣೋದು ಸಾಮಾನ್ಯ, ಹುಟ್ಟಿದಾಗ ತೂಕ ಕಡಿಮೆ ಇದ್ದು ಆಮೇಲೆ ಬೇಗ ಬೇಗ ತುಂಬಿಕೊಂಡ ಮಕ್ಕಳಲ್ಲೂ ಅಷ್ಟೇ. ನಮ್ಮವನು ಹುಟ್ಟಿದಾಗ 2.1 ಕೆಜಿ, ಎಲ್ಲರೂ ಸೇರಿ ತುಪ್ಪ ಅನ್ನ ತಿನ್ಸಿ ತಿನ್ಸಿ ಸರಿ ಮಾಡಿದ್ವಿ, ಸ್ವಲ್ಪ ಜಾಸ್ತಿನೇ ಸರಿ ಮಾಡಿದ್ವಿ. ಇಲ್ಲಿ ಒಂದು ಟ್ರಿಕ್ ಇದೆ: ಬರೀ ತಿಂದು ದಪ್ಪ ಆದ ಮಗು ಉದ್ದಾನೂ ಬೆಳೀತಾ ಇರತ್ತೆ. ತೂಕ ಏರ್ತಿದೆ, ಆದ್ರೆ ಗೋಡೆ ಮೇಲಿನ ಗೀಟು ಏರೋದು ನಿಂತೋಗಿದೆ, ಮುಖ ದುಂಡಗಾಗಿದೆ ಅಂದ್ರೆ ಅದು ಬೇರೆ ಕತೆ, ಕಾರ್ಟಿಸಾಲ್ ಜಾಸ್ತಿ ಇರಬಹುದು, ಬೇಗ ತೋರಿಸಿ.

ನಾಲ್ಕನೇದು ಬೋನ್ ಏಜ್. ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ, ಅಷ್ಟೇ. ಅದನ್ನ ಗ್ರೂಲಿಕ್-ಪೈಲ್ ಅಂತ ಒಂದು ಅಟ್ಲಾಸ್ ಇದೆ, ಅದ್ರ ಚಿತ್ರಕ್ಕೆ ಹೋಲಿಸಿ ಮೂಳೆ ಎಷ್ಟು ವರ್ಷದ್ದು ಅಂತ ಹೇಳ್ತಾರೆ. ನಮ್ಮವನ ಮೂಳೆ 9 ವರ್ಷದ್ದು ಅಂತ ಬಂತು, ಅಂದ್ರೆ ಒಂದೂಕಾಲು ವರ್ಷ ಮುಂದೆ. ನನ್ನ ಕೈ ನಡುಗ್ತು. ಡಾಕ್ಟರ್ ಹೇಳಿದ್ದು, ಸಾಧಾರಣ ಬೇಗ ಬಂದ ಅಡ್ರಿನಾರ್ಕಿಯಲ್ಲಿ ಸ್ವಲ್ಪ ಮುಂದಿರೋದು ಮಾಮೂಲು, ದೊಡ್ಡವನಾದಾಗ ಎತ್ತರಕ್ಕೆ ಸಾಮಾನ್ಯವಾಗಿ ಪೆಟ್ಟಾಗಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಮುಂದೆ ಓಡಿದ್ರೆ ಅವಾಗ ಒಳಗೆ ಜೋರಾಗಿ ಹಾರ್ಮೋನ್ ಸುರೀತಿದೆ ಅಂತ ಅನುಮಾನ. ಮೂಳೆ ಬೇಗ ಹಣ್ಣಾದ್ರೆ ಬೇಗ ಸೀಲ್ ಆಗ್ಬಿಡತ್ತೆ, ಈಗ ಕ್ಲಾಸಲ್ಲಿ ಎಲ್ಲರಿಗಿಂತ ಉದ್ದ ಇರೋ ಹುಡುಗ ಆಮೇಲೆ ಎಲ್ಲರಿಗಿಂತ ಗಿಡ್ಡ ಉಳೀಬಹುದು.

ಈಗ ರಕ್ತ. ಇಲ್ಲಿ ನಾನು ಮಾಡಿದ ಮೂರು ಎಡವಟ್ಟು ಹೇಳ್ತೀನಿ, ಮೂರೂ ಬೇರೆಯವರಿಗೂ ಆಗೋವಂಥವೇ.

ಮೊದಲನೇದು ಟೈಮ್. ಕೆಲಸ ಮುಗಿಸ್ಕೊಂಡು, ಅವನ ಸ್ಕೂಲ್ ಬಿಟ್ಟ ಮೇಲೆ, ಸಂಜೆ ಐದೂವರೆಗೆ ಹತ್ತಿರದ ಒಂದು ಲ್ಯಾಬಲ್ಲಿ ರಕ್ತ ಕೊಡಿಸ್ದೆ. 17-ಓಎಚ್‌ಪಿ (ಅಡ್ರಿನಲ್ ಕಾರ್ಟಿಸಾಲ್ ಮಾಡೋಕೆ ಬಳಸೋ ಕಚ್ಚಾ ಮಾಲು) ಅನ್ನೋದು ಕಾರ್ಟಿಸಾಲ್ ಥರಾನೇ ಬೆಳಿಗ್ಗೆ ಏರಿರತ್ತೆ, ಸಂಜೆಗೆ ಇಳಿದಿರತ್ತೆ. ಸಂಜೆ ನಾರ್ಮಲ್ ಬಂದ್ರೆ ಅದಕ್ಕೆ ಬೆಲೆನೇ ಇಲ್ಲ, ಬೆಳಿಗ್ಗೆ ಎಂಟರ ಹೊತ್ತಿಗೆ ಕೊಡಬೇಕು. ಡಿಎಚ್‌ಇಎ-ಎಸ್ ಹಾಗಲ್ಲ, ಅದು ರಕ್ತದಲ್ಲಿ ತುಂಬ ಹೊತ್ತು ನಿಲ್ಲತ್ತೆ, ಯಾವ ಟೈಮಾದ್ರೂ ನಡಿಯತ್ತೆ. ಲ್ಯಾಬ್ ಹುಡುಗ ಇದು ಯಾವುದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೋಗೋಕೆ ಮುಂಚೆ ಕೂದಲಿಗೆ ಉಗುರಿಗೆ ಅಂತ ಬಯೋಟಿನ್ ಗಮ್ಮಿ ಏನಾದ್ರೂ ಕೊಡ್ತಿದ್ರೆ ಡಾಕ್ಟರಿಗೆ ಹೇಳಿ, ಕೆಲವು ಮಷಿನ್‌ಗಳಲ್ಲಿ ಅದು ರಿಸಲ್ಟನ್ನೇ ಏರುಪೇರು ಮಾಡತ್ತೆ.

ಎರಡನೇದು ರೇಂಜ್. ಡಿಎಚ್‌ಇಎ-ಎಸ್ 78 ಮೈಕ್ರೊಗ್ರಾಂ ಪರ್ ಡೆಸಿಲೀಟರ್ ಅಂತ ಬಂತು, ಪಕ್ಕದಲ್ಲಿ ಕೆಳಮುಖ ಬಾಣ, ಅಂದ್ರೆ ಕಡಿಮೆ! ಅಪ್ಪಾ ಕಡಿಮೆ ಅಂತೆ ಅಂತ ಖುಷಿ ಪಟ್ಟೆ. ಆಮೇಲೆ ಪಕ್ಕದ ಬೀದಿ ಮೆಡಿಕಲ್ ಶಾಪಿನವರಿಗೆ ತೋರಿಸಿದ್ರೆ, ಅಡ್ರಿನಲ್ ವೀಕ್ ಇದೆ ಸಾರ್, ಡಿಎಚ್‌ಇಎ ಮಾತ್ರೆನೇ ಆನ್‌ಲೈನಲ್ಲಿ ಸಿಗತ್ತೆ ಅಂದ್ರು. ಅಸಲು ವಿಷಯ ಏನಪ್ಪಾ ಅಂದ್ರೆ ಆ ಕಾಲಮ್ಮಲ್ಲಿ ದೊಡ್ಡ ಗಂಡಸರ ರೇಂಜ್ ಪ್ರಿಂಟ್ ಆಗಿತ್ತು, 80ರಿಂದ ಶುರು. ಏಳು ವರ್ಷದ ಹುಡುಗನಿಗೆ 40, 50 ದಾಟಿದ್ರೇನೇ ಅಡ್ರಿನಾರ್ಕಿ ಆಗಿದೆ ಅಂತ ಲೆಕ್ಕ. ಅಂದ್ರೆ 78 ಅನ್ನೋದು ಕಡಿಮೆ ಅಲ್ಲ, ಅವನ ವಯಸ್ಸಿಗೆ ಜಾಸ್ತಿ, ಆದ್ರೆ ಈ ಸ್ಥಿತಿಗೆ ತಕ್ಕಷ್ಟೇ ಜಾಸ್ತಿ. ಕಡಿಮೆ ಅಂತ ನಂಬಿ ಆ ಮಾತ್ರೆ ಕೊಟ್ಟಿದ್ರೆ ಬೆಂಕಿಗೆ ಎಣ್ಣೆ ಹುಯ್ದ ಹಾಗೆ ಆಗ್ತಿತ್ತು. ಬಾಣ ನೋಡ್ಬೇಡಿ, ರೇಂಜ್ ಯಾರದ್ದು ಅಂತ ನೋಡಿ.

ಮೂರನೇದು ಯುನಿಟ್, ಎಲೆಕ್ಟ್ರಿಕಲ್ ಕೆಲಸ ಮಾಡೋ ನಾನು ಇದ್ರಲ್ಲಿ ಬಿದ್ದಿದ್ದಕ್ಕೆ ಈಗಲೂ ನಾಚಿಕೆ. ಸಂಜೆ ಲ್ಯಾಬಿನ 17-ಓಎಚ್‌ಪಿ 0.6. ಡಾಕ್ಟರ್ ಹೇಳಿದ ಮೇಲೆ ಬೇರೆ ಲ್ಯಾಬಲ್ಲಿ ಬೆಳಿಗ್ಗೆ ಕೊಟ್ಟಿದ್ದು 110. ಮೊಬೈಲಲ್ಲಿ ಪಿಡಿಎಫ್ ತೆಗೆದಾಗ ರಾತ್ರಿ ಹನ್ನೊಂದು ಗಂಟೆ, ನೂರಾ ಎಂಬತ್ತು ಪಟ್ಟು ಏರಿದೆ ಅಂದ್ಕೊಂಡು ಎದ್ದು ಕೂತೆ, ಹೆಂಡತಿಗೆ ಹೇಳಲಿಲ್ಲ, ಟೆರೇಸಿಗೆ ಹೋಗಿ ಬಂದೆ. ಬೆಳಿಗ್ಗೆ ನೋಡಿದ್ರೆ ಮೊದಲನೇದು ನ್ಯಾನೊಗ್ರಾಂ ಪರ್ ಎಂಎಲ್, ಎರಡನೇದು ನ್ಯಾನೊಗ್ರಾಂ ಪರ್ ಡೆಸಿಲೀಟರ್, ನೂರರ ವ್ಯತ್ಯಾಸ. 0.6 ಅಂದ್ರೆ 60. ಅಂದ್ರೆ 60 ಸಂಜೆ, 110 ಬೆಳಿಗ್ಗೆ, ಆಗಬೇಕಾದ ಹಾಗೇ ಆಗಿದೆ. ಕೆಲವು ಲ್ಯಾಬ್ ನ್ಯಾನೊಮೋಲ್ ಪರ್ ಲೀಟರ್ ಅಂತಾನೂ ಕೊಡ್ತಾರೆ, ಆಗ 1 ನ್ಯಾನೊಗ್ರಾಂ ಪರ್ ಎಂಎಲ್‌ಗೆ 3 ಚಿಲ್ಲರೆ ಬರತ್ತೆ. ವೋಲ್ಟೂ ಮಿಲಿವೋಲ್ಟೂ ಕಲಸಿಬಿಟ್ಟೆ, ಅಷ್ಟೇ.

ಈ 17-ಓಎಚ್‌ಪಿ ಮೇಲೆ ಯಾಕಿಷ್ಟು ಜೋರು ಅಂದ್ರೆ, ಅಡ್ರಿನಲ್‌ನಲ್ಲಿ ಕಾರ್ಟಿಸಾಲ್ ತಯಾರಾಗೋ ದಾರೀಲಿ 21-ಹೈಡ್ರಾಕ್ಸಿಲೇಸ್ ಅಂತ ಒಂದು ಕಿಣ್ವ ಬೇಕು. ಅದು ಹುಟ್ಟಿನಿಂದ ಕಡಿಮೆ ಇದ್ರೆ ಕಾರ್ಟಿಸಾಲ್ ಆಗಲ್ಲ, ಪಿಟ್ಯುಟರಿ ಇನ್ನೂ ಜೋರಾಗಿ ಎಸಿಟಿಎಚ್ (ಅಡ್ರಿನಲ್‌ಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನ್) ಕಳಿಸತ್ತೆ, ಮುಂದೆ ದಾರಿ ಬ್ಲಾಕ್ ಇರೋದ್ರಿಂದ ಕಚ್ಚಾ ಮಾಲು ಅಲ್ಲೇ ತುಂಬ್ಕೊಂಡು ಪಕ್ಕದ ಗಲ್ಲಿಗೆ ನುಗ್ಗಿ ಗಂಡು ಹಾರ್ಮೋನ್ ಆಗ್ಬಿಡತ್ತೆ. ಸಿಲ್ಕ್ ಬೋರ್ಡಲ್ಲಿ ಗಾಡಿ ನಿಂತ್ರೆ ಟ್ರಾಫಿಕ್ ಎಲ್ಲ ಒಳಗಿನ ಬಡಾವಣೆಗೆ ನುಗ್ಗಲ್ವಾ, ಹಾಗೆ. ಬ್ಲಾಕ್ ಹಿಂದೆ ಗುಡ್ಡೆ ಬಿದ್ದಿರೋ ಮಾಲೇ 17-ಓಎಚ್‌ಪಿ. ಈ ಕಾಯಿಲೆಗೆ ಸಿಎಎಚ್ ಅಂತಾರೆ. ಬೆಳಿಗ್ಗೆ 200 ನ್ಯಾನೊಗ್ರಾಂ ಪರ್ ಡೆಸಿಲೀಟರ್ ಒಳಗಿದ್ರೆ ಸಾಮಾನ್ಯವಾಗಿ ನಿರಾಳ. ಮೇಲಿದ್ರೆ ಸಿನಾಕ್ಥೆನ್ ಅಂತ ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ರಕ್ತ ತೆಗೀತಾರೆ, ಆಗ 1000 ದಾಟಿದ್ರೆ ಸಿಎಎಚ್ ಕಡೆಗೆ ಬೆರಳು.

ಡಾಕ್ಟರ್ ನಮ್ಮನ್ನ ಕೇಳಿದ ಎರಡನೇ ಪ್ರಶ್ನೆನೇ ಸಂಬಂಧದಲ್ಲಿ ಮದುವೆನಾ ಅಂತ. ಹೌದು, ನನ್ನ ಹೆಂಡತಿ ಸೋದರಮಾವನ ಮಗಳು. ನಮ್ಮ ಕಡೆ ಮಾವನ ಮಗಳು, ಅಕ್ಕನ ಮಗಳು ಮಾಡ್ಕೊಳೋದು ಹೊಸದೇನಲ್ಲ, ಆದ್ರೆ ಸಿಎಎಚ್ ಬರೋಕೆ ಅಪ್ಪನಿಂದ ಒಂದು ಅಮ್ಮನಿಂದ ಒಂದು ಕೆಟ್ಟ ಜೀನ್ ಬೇಕು, ಒಂದೇ ಬೇರಿಂದ ಬಂದವರಲ್ಲಿ ಇಬ್ಬರಿಗೂ ಅದೇ ಜೀನ್ ಇರೋ ಸಾಧ್ಯತೆ ಜಾಸ್ತಿ, ಇಬ್ಬರಿಗೂ ಇದ್ರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಚಾನ್ಸ್. ಮೂರನೇ ಪ್ರಶ್ನೆ ಇನ್ನೂ ವಿಚಿತ್ರ: ಮನೆತನದಲ್ಲಿ ಹುಟ್ಟಿ ಎರಡು ಮೂರು ವಾರಕ್ಕೆ ವಾಂತಿ ಮಾಡ್ಕೊಂಡು ಸೊರಗಿ ತೀರಿಹೋದ ಗಂಡುಮಗು ಯಾವುದಾದ್ರೂ ಇದೆಯಾ? ನಾನು ಇಲ್ಲ ಅಂದೆ. ಪಕ್ಕದಲ್ಲಿದ್ದ ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, ನಮ್ಮಕ್ಕಂದು ಎರಡನೇದು ಹೋಯ್ತು, ಹದಿನೇಳನೇ ದಿನಕ್ಕೆ, ದೃಷ್ಟಿ ಆಯ್ತು ಅಂದಿದ್ರು ಅಂದ್ರು. ಅಷ್ಟು ವರ್ಷ ಆ ಮಗು ಬಗ್ಗೆ ಮನೇಲಿ ಒಂದು ಮಾತೂ ಕೇಳಿರಲಿಲ್ಲ ನಾನು. ಅದು ಏನಾಗಿತ್ತು ಅಂತ ಈಗ ಹೇಳೋಕಾಗಲ್ಲ, ಆದ್ರೆ ಜೋರಾದ ಸಿಎಎಚ್‌ನಲ್ಲಿ ಉಪ್ಪು ಮೈಯಲ್ಲಿ ನಿಲ್ಲದೆ ಸರಿಯಾಗಿ ಆ ವಾರಗಳಲ್ಲೇ ವಾಂತಿ, ಸುಸ್ತು, ಸೋಡಿಯಂ ಕುಸಿಯೋದು, ಪೊಟ್ಯಾಸಿಯಂ ಏರೋದು ಆಗತ್ತೆ. ಹೆಣ್ಣುಮಗು ಆದ್ರೆ ಹುಟ್ಟಿದಾಗಲೇ ನೋಡಿ ಗೊತ್ತಾಗಬಹುದು, ಗಂಡುಮಗು ನೋಡೋಕೆ ಮಾಮೂಲಾಗೇ ಇರತ್ತೆ, ಹಾಗಾಗಿ ತಪ್ಪಿಹೋಗತ್ತೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಎರಡು ಹನಿ ರಕ್ತ ತೆಗೆದು ಮಾಡೋ ಸ್ಕ್ರೀನಿಂಗಲ್ಲಿ ಇದು ಸಿಗತ್ತೆ, ನಮ್ಮಲ್ಲಿ ಎಲ್ಲ ಮಗುಗೂ ಕಡ್ಡಾಯ ಇಲ್ಲ, ಕೇಳಿ ಮಾಡಿಸ್ಕೋಬೇಕು. ಸ್ವಲ್ಪ ಸೌಮ್ಯವಾಗಿದ್ರೆ ಉಪ್ಪಿನ ತೊಂದರೆ ಇಲ್ಲದೆ, ಮೇಲೆ ಹೇಳಿದ ಹಾಗೆ ಎರಡು ನಾಲ್ಕು ವರ್ಷಕ್ಕೆ ಉದ್ದ, ಕೂದಲು ಅಂತ ಕಾಣಿಸ್ಕೊಳ್ಳತ್ತೆ. ಇದನ್ನ ವರ್ಷಗಟ್ಟಲೆ ಬಿಟ್ಟರೆ ಇನ್ನೊಂದು ಗೊಂದಲ: ಮೂಳೆ ವಯಸ್ಸು ಮುಂದೆ ಓಡಿ ಓಡಿ ಮೇನ್ ಲೈನನ್ನೂ ಬೇಗ ಎಬ್ಬಿಸಿಬಿಡತ್ತೆ, ಆಗ ವೃಷಣಾನೂ 4 ದಾಟಿರತ್ತೆ, ಎರಡೂ ಲೈನ್ ಆನ್ ಕಾಣತ್ತೆ, ಮೂಲ ದೋಷ ಅಡ್ರಿನಲ್ ಅಂತ ಹೊಳೆಯೋದೇ ಇಲ್ಲ.

ನಮ್ಮ 17-ಓಎಚ್‌ಪಿ 110, ಟೆಸ್ಟೋಸ್ಟಿರಾನ್ ಚಿಕ್ಕ ಮಕ್ಕಳ ಮಟ್ಟದಲ್ಲೇ, ಎಲ್‌ಎಚ್ 0.3ಕ್ಕಿಂತ ಕಮ್ಮಿ, ಅಂದ್ರೆ ಮೇನ್ ಲೈನ್ ಆಫ್. ಅಲ್ಲಿಗೆ ಸಿಎಎಚ್ ಪಕ್ಕಕ್ಕೆ.

ಉಳಿದಿದ್ದು ಅಡ್ರಿನಲ್‌ನಲ್ಲಿ ಗಡ್ಡೆ (ಟ್ಯೂಮರ್). ಇದು ಅಪರೂಪ, ಆದ್ರೆ ಅದರ ನಡಿಗೆನೇ ಬೇರೆ, ನಿಧಾನ ಅಲ್ಲ. ವಾರ ತಿಂಗಳಲ್ಲಿ ಎಲ್ಲ ಬದಲಾಗತ್ತೆ: ಮೊಡವೆ ಜೋರು, ದನಿ ದಪ್ಪ, ಶಿಶ್ನ ದೊಡ್ಡದಾಗೋದು, ಬಿಪಿ ಏರೋದು, ಡಿಎಚ್‌ಇಎ-ಎಸ್ ನೂರಾರು ಲೆಕ್ಕದಲ್ಲಿ. ಹೀಗಿದ್ರೆ ಆರು ತಿಂಗಳು ಬಿಟ್ಟು ನೋಡೋಣ ಅನ್ನೋ ಮಾತೇ ಇಲ್ಲ, ಹೊಟ್ಟೆ ಸ್ಕ್ಯಾನ್ ಆ ವಾರಾನೇ. ಮಗುವಿನ ಬಿಪಿ ನೋಡಿ ಅಂತ ನೀವೇ ಕೇಳಿ, ತೋಳಿಗೆ ಸುತ್ತೋ ಚಿಕ್ಕ ಮಕ್ಕಳ ಸೈಜಿನ ಪಟ್ಟಿ ಇಲ್ಲ ಅಂತ ಎಷ್ಟೋ ಕ್ಲಿನಿಕ್ಕಲ್ಲಿ ನೋಡೋದೇ ಇಲ್ಲ.

ಉಲ್ಟಾ ಕಂಪ್ಲೇಂಟೂ ಬರತ್ತೆ, ನನ್ನ ಸ್ನೇಹಿತನ ಮಗನಿಗೆ ಹಾಗೇ ಆಯ್ತು ಅಂತ ಸೇರಿಸ್ತಿದೀನಿ. ಹುಡುಗನಿಗೆ 14 ಆಗಿದೆ, ಕೂದಲು ಸ್ವಲ್ಪ ಇದೆ, ಆದ್ರೆ ದನಿ ಒಡೆದಿಲ್ಲ, ಉದ್ದ ಆಗಿಲ್ಲ. ಮನೆಯವರು ಕೂದಲು ಬಂದಿದೆಯಲ್ಲ ಶುರುವಾಗಿದೆ ಬಿಡಿ ಅಂತಾರೆ. ಕೂದಲು ಬ್ಯಾಟರಿಯಿಂದ ಬಂದಿರಬಹುದು, ಮೇನ್ ಲೈನ್ ಬಂದೇ ಇಲ್ಲ. ವೃಷಣ 4 ಮುಟ್ಟಿದೆಯಾ ಅಂತಾನೇ ಇಲ್ಲೂ ನೋಡಬೇಕು. ಅಪ್ಪನೂ ಲೇಟಾಗಿ ಬೆಳೆದವನಾಗಿದ್ರೆ, ಅಡ್ರಿನಲ್ ಕಡೆದೂ ಲೇಟಿದ್ರೆ, ಬಹುಶಃ ಮನೆತನದ ನಿಧಾನ. ಅಡ್ರಿನಲ್ ಟೈಮಿಗೆ ಬಂದು ಮೇನ್ ಮಾತ್ರ ಬಂದಿಲ್ಲ ಅಂದ್ರೆ ಒಂದು ಪ್ರಶ್ನೆ ಕೇಳ್ತಾರೆ, ಮಲ್ಲಿಗೆ ವಾಸನೆ, ಕಾಫಿ ವಾಸನೆ ಗೊತ್ತಾಗತ್ತಾ ಅಂತ. ಕಾಲ್‌ಮನ್ ಸಿಂಡ್ರೋಮ್ ಅಂತ ಒಂದಿದೆ, ಅದ್ರಲ್ಲಿ ಮೂಗಿಗೆ ವಾಸನೆ ಗೊತ್ತಾಗಲ್ಲ, ಪ್ಯೂಬರ್ಟಿ ಸಿಗ್ನಲ್ಲೂ ಹೊರಡಲ್ಲ.

ಅಡ್ರಿನಲ್ಲೇ ಪೂರ್ತಿ ಡೌನ್ ಆಗೋದು ಇದೆಲ್ಲಕ್ಕಿಂತ ಸೀರಿಯಸ್. ಸುಸ್ತು, ಪದೇ ಪದೇ ವಾಂತಿ, ಉಪ್ಪು ಬಾಚಿ ಬಾಚಿ ತಿನ್ನೋದು, ಒಸಡು, ಬೆರಳ ಗಂಟು, ಅಂಗೈ ಗೆರೆ ಕಪ್ಪಾಗೋದು. ಬಿಸಿಲಿಗೆ ಕಪ್ಪಾದ ಅಂತ ಬಿಡ್ಬೇಡಿ, ಬಿಸಿಲಿಗೆ ಒಸಡು ಕಪ್ಪಾಗಲ್ಲ. ಬೆಳಿಗ್ಗೆ ಕಾರ್ಟಿಸಾಲ್, ಎಸಿಟಿಎಚ್, ಸೋಡಿಯಂ, ಪೊಟ್ಯಾಸಿಯಂ ನೋಡ್ತಾರೆ. ಹುಡುಗರಲ್ಲಿ ಹೀಗಾದ್ರೆ ಅಡ್ರಿನೋಲ್ಯುಕೋಡಿಸ್ಟ್ರೋಫಿ ಅನ್ನೋ ಮೆದುಳಿಗೂ ತಟ್ಟೋ ಕಾಯಿಲೆ ಇರಬಹುದಾದ್ರಿಂದ ಅತಿ ಉದ್ದ ಸರಪಳಿಯ ಕೊಬ್ಬಿನಾಮ್ಲದ ಟೆಸ್ಟೂ ಮಾಡಿಸಲೇಬೇಕು. ನೆಫ್ರೋಟಿಕ್ ಅನ್ನೋ ಕಿಡ್ನಿ ಕಾಯಿಲೆ, ಆಸ್ತಮಾ ಅಂತ ತುಂಬ ದಿನ ಸ್ಟೀರಾಯ್ಡ್ ತಗೊಂಡ ಮಕ್ಕಳ ಅಡ್ರಿನಲ್ ನಿದ್ದೆ ಹೋಗಿರತ್ತೆ, ಆ ಮಾತ್ರೆ ಒಮ್ಮೆಲೇ ನಿಲ್ಲಿಸ್ಬೇಡಿ. ಯೂಟ್ಯೂಬಲ್ಲಿ ಅಡ್ರಿನಲ್ ಫಟೀಗ್ ಅಂತ ಪೌಡರ್ ಮಾರ್ತಾರಲ್ಲ, ಅದು ಇದಲ್ಲ, ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರುಗಳು ಅಂಥದ್ದೊಂದು ಕಾಯಿಲೆನೇ ಒಪ್ಪಲ್ಲ.

ನಮ್ಮ ಕೇಸ್ ಕ್ಲೋಸ್ ಆಗಿದ್ದು ಪ್ರಿಮೆಚ್ಯೂರ್ ಅಡ್ರಿನಾರ್ಕಿ ಅಂತ, ಔಷಧಿ ಏನೂ ಇಲ್ಲ. ಆರು ತಿಂಗಳಿಗೊಮ್ಮೆ ಎತ್ತರ, ತೂಕ, ಆ ಮಣಿ ಸರ, ಬೇಕು ಅನ್ನಿಸಿದ್ರೆ ಮಾತ್ರ ಮತ್ತೆ ಎಕ್ಸ್‌ರೇ. ತುಪ್ಪ ಅರ್ಧ ಆಯ್ತು, ಅಮ್ಮ ಮುನಿಸ್ಕೊಂಡ್ರು. ದಿನಾ ಎರಡು ಸಲ ಸ್ನಾನ, ಕಾಟನ್ ಬನಿಯನ್, ಒಗೆದ ಶರ್ಟ್. ಮಗನಿಗೆ ನಾನೇ ಕೂರಿಸ್ಕೊಂಡು ಹೇಳಿದೆ, ಕಿಡ್ನಿ ಮೇಲೊಂದು ಪುಟ್ಟ ಫ್ಯಾಕ್ಟರಿ ಇದೆ, ಅದು ಸ್ವಲ್ಪ ಬೇಗ ಬಾಗಿಲು ತೆಗೆದಿದೆ ಅಷ್ಟೇ ಅಂತ. ಸ್ಕೂಲಲ್ಲಿ ಹೇಳ್ಬೇಡ ಅಂತ ನಾನು ಹೇಳೋ ಮುಂಚೆನೇ ಪಕ್ಕದ ಬೆಂಚಿನವನಿಗೆ ಹೇಳಿಯಾಗಿತ್ತು.

ಹೋಗೋರಿಗೆ: ಮಾಮೂಲಿ ಎಂಡೋಕ್ರೈನ್ ಡಾಕ್ಟರಿಗಿಂತ ಮಕ್ಕಳ ಎಂಡೋಕ್ರೈನ್ ಡಾಕ್ಟರನ್ನೇ ಹುಡುಕಿ. ಸರ್ಕಾರಿ ಬೇಕು ಅಂದ್ರೆ ನಿಮ್ಹಾನ್ಸ್ ಕಡೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ಹಾರ್ಮೋನ್ ಒಪಿಡಿ ಯಾವ ದಿನ ಅಂತ ಮೊದಲೇ ಕೇಳ್ಕೊಂಡು ಹೋಗಿ. ಫೈಲಲ್ಲಿ ಗೋಡೆ ಗೀಟಿನ ಫೋಟೋ, ಹುಟ್ಟಿದ ತೂಕ, ಇಬ್ಬರ ಎತ್ತರ, ಕೂದಲು ಮೊದಲು ಕಂಡ ತಾರೀಕು, ಮನೇಲಿರೋ ಎಲ್ಲ ಕ್ರೀಮು ಮಾತ್ರೆ ಪಟ್ಟಿ ಇಟ್ಕೊಳಿ, ಅಜ್ಜಿ ಬರೋಕಾಗತ್ತೆ ಅಂದ್ರೆ ಅವರನ್ನೂ ಕರ್ಕೊಂಡು ಹೋಗಿ.